ಸಂಶೋಧನೆನ ಆಸ್ಪತ್ರಿಗೆ ಇಳಿಸಾಕ ಸರ್ಕಾರ ಕೊಟ್ಟ ರೊಕ್ಕ ಕೆಲ್ಸ ಮಾಡೇತೋ ಇಲ್ಲೋ, ಹೆಂಗ್ ನೋಡ್ಬೇಕ್ರಿ?

ಗವಿಮಠದ ದಾರಿ (ಕೊಪ್ಪಳ)

ಎಲ್ಲಾರಿಗೂ ನಮಸ್ಕಾರ್ರಿ. ನಾ ಎಂಎಸ್‌ಡಬ್ಲ್ಯೂ ಮುಗಿಸಿ ಈಗ ಒಂದು ಮೌಲ್ಯಮಾಪನ ತಂಡದಾಗ ಫೀಲ್ಡ್ ಕೆಲ್ಸಕ್ಕ ಸೇರೀನಿ. ಯೋಜನೆ ಹೆಸರು, ಇಲಾಖೆ ಹೆಸರು ಇಲ್ಲಿ ಬ್ಯಾಡ, ಕೆಲ್ಸ ಇನ್ನೂ ನಡದೈತಿ. ವಿಷಯ ಏನಪಾ ಅಂದ್ರ, ಸಂಶೋಧನೆಯಾಗ ಆಗ್ಲೇ ಸಾಬೀತಾದ ಪದ್ಧತಿಗಳನ್ನ ಜಿಲ್ಲಾ ಆಸ್ಪತ್ರಿ, ತಾಲೂಕ ಆಸ್ಪತ್ರಿ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಮಟ್ಟಕ್ಕ ತರ್ಲಿ ಅಂತ ಸರ್ಕಾರ ಕೆಲವು ವರ್ಷ ಅನುದಾನ ಕೊಟ್ಟೈತಿ, ಆ ರೊಕ್ಕದ್ದು ಏನಾತು ಅಂತ ನೋಡಿ ಬರೀಬೇಕು. ನನ್ ಪಾಲಿಗೆ ಬಂದಿದ್ದು ಕಾಂಗರೂ ಆರೈಕೆ. ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಎರಡು ಕೆಜಿಗಿಂತ ಕಡಿಮಿ ತೂಕದ ಕೂಸನ್ನ ತಾಯಿ ಎದಿಗೆ ಮೈಗೆ ಮೈ ತಾಗುವಂಗ ಬಟ್ಟಿಯಿಂದ ಕಟ್ಕೊಂಡು ದಿನಕ್ಕ ಕಡಿಮಿ ಅಂದ್ರ 8 ತಾಸು ಇಟ್ಕೊಳ್ಳೋದು, ಬರೇ ಎದಿಹಾಲು ಕುಡಿಸೋದು.

ಯೋಜನೆ ನಡಿಸಿದವ್ರು ಕೊಟ್ಟ ಪ್ರಗತಿ ವರದಿ ದಪ್ಪಂದು ಐತ್ರಿ. ಎಷ್ಟು ತರಬೇತಿ, ಎಷ್ಟು ಮಂದಿ ಹಾಜರಿ, ಎಷ್ಟು ಪೋಸ್ಟರ್, ಎಷ್ಟು ಒರಗೋ ಕುರ್ಚಿ, ಎಷ್ಟು ಕಾರ್ಯಾಗಾರ, ಕಡೀಕ ಎಷ್ಟು ಪೇಪರ್ ಪ್ರಕಟ ಆದ್ವು ಅಂತ ಎಲ್ಲಾ ಐತಿ, ಫೋಟೋನೂ ಅದಾವ, ಆದ್ರ ಓದಿ ಮುಗಿಸಿದ ಮ್ಯಾಲ ಕೂಸಿಗೆ ಏನಾತು ಅಂತ ಮಾತ್ರ ತಿಳಿಯಂಗಿಲ್ಲ. ನಮ್ಗ ಏನ್ ಕೆಲ್ಸ ಅಂತ ಬರದ ಕಾಗದದಾಗ (ಟಿಓಆರ್) "ಪರಿಣಾಮ ಅಳೀಬೇಕು" ಅಂತ ಒಂದೇ ಸಾಲು ಬರದಾರ. ನಮ್ ಟೀಮ್ ಲೀಡರ್ ಸರ್ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇ (ಎನ್‌ಎಫ್‌ಎಚ್‌ಎಸ್) ದಾಗಿಂದ ಶಿಶು ಮರಣದ ನಂಬರ್ ತಗೊಂಡು ಮೊದ್ಲು ಎಷ್ಟು, ಈಗ ಎಷ್ಟು ಅಂತ ಹಾಕ್ಬಿಡು ಅಂತಾರ. ನಂಗ್ಯಾಕೋ ಅದು ಸರಿ ಅನ್ನಿಸವಲ್ದು. ಇಂಥಾ ಕೆಲ್ಸ ಮಾಡಿದವ್ರು ಇಲ್ಲಾ ವಾರ್ಡಿನಾಗ ಇರೋರು ಯಾರಾದ್ರೂ ಇದ್ರ ದಾರಿ ತೋರಸ್ರಿ. ಎಲ್ಲಿಂದ ಶುರು ಮಾಡ್ಲಿ?

ರಿಟೈರ್ಡ್ ಎಂಓ (ಸಿಂಧನೂರು)

ತಮ್ಮಾ, ನಿನ್ನ ಅನುಮಾನ ಸರಿ ಅದ. ಮೊದಲು ಒಂದು ತಿಳ್ಕೊ, ಕಾಂಗರೂ ಆರೈಕೆ ಕೆಲಸ ಮಾಡ್ತದೋ ಇಲ್ಲೋ ಅನ್ನೋದು ನಿನ್ನ ಪ್ರಶ್ನಿ ಅಲ್ಲ. ಅದು ಕೊಲಂಬಿಯಾದ ಬೊಗೋಟಾದಾಗ 1978ರ ಸುಮಾರಿಗೆ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರು ಶುರು ಮಾಡಿದ್ದು. 2021ರಾಗ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ದಾಗ ಬಂದ ಟ್ರಯಲ್ ನೋಡು, ಭಾರತನೂ ಸೇರಿ ಐದು ದೇಶದ ಆಸ್ಪತ್ರಿ, ಹುಟ್ಟಿದ ಕೂಡ್ಲೆ ತಾಯಿ ಎದಿಗೆ ಹಾಕಿದ ಗುಂಪಿನಾಗ 28 ದಿನದೊಳಗ ತೀರಿಕೊಂಡ ಕೂಸು ಶೇ. 12, ಮೈ ಸ್ಥಿರ ಆಗೋ ತನಕ ಕಾಯ್ದು ಆಮ್ಯಾಲ ಹಾಕಿದವರಾಗ ಶೇ. 15.7. ಅದರ ಮುಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸ್ಸು ಬದಲಿಸ್ತು. ಇದೆಲ್ಲಾ ಮುಗದದ. ಕೇಂದ್ರ ಸರ್ಕಾರದ ಮಾರ್ಗಸೂಚಿ 2014ರಾಗೇ ಬಂದಿತ್ತು. ಹಂಗಿದ್ರ ಇಷ್ಟು ವರ್ಷ ಅದು ವಾರ್ಡಿಗೆ ಯಾಕ ಬರ್ಲಿಲ್ಲ, ಈ ಅನುದಾನ ಬಂದ ಮ್ಯಾಲ ಯಾವ ಗಂಟು ಬಿಚ್ಚಿತು, ಅದು ನಿನ್ನ ಪ್ರಶ್ನಿ.

ಈ ಗಂಟು ಅನ್ನೋದು ಸಣ್ಣದಲ್ಲಪಾ. ಮಹಾರಾಷ್ಟ್ರದ ಗಡಚಿರೋಲಿಯಾಗ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಅವರು ಹಳ್ಳಿ ಹೆಣ್ಮಕ್ಕಳಿಗೆ ಕಲಿಸಿ ಮನ್ಯಾಗೇ ನವಜಾತ ಶಿಶು ನೋಡ್ಕೊಳ್ಳೋ ಪದ್ಧತಿ ಮಾಡಿ ಮರಣ ಅರ್ಧಕ್ಕಿಂತ ಕೆಳಗ ಇಳಿಸಿದ್ದು ಲ್ಯಾನ್ಸೆಟ್ ದಾಗ ಬಂದದ್ದು 1999. ದೇಶದ ತುಂಬಾ ಆಶಾ ಕಾರ್ಯಕರ್ತೆಯರ ಮನಿ ಭೇಟಿ ಅಂತ ಅದು ಜಾರಿ ಆದದ್ದು 2011. ನಡುವ 12 ವರ್ಷ! ಅಂಥಾ 12 ವರ್ಷ ಕಡಿಮಿ ಮಾಡ್ಲಿಕ್ಕೇ ಇಂಥಾ ಅನುದಾನ ಕೊಡೋದು. ಅದಕ್ಕ ಪೇಪರ್ ಎಷ್ಟು ಪ್ರಕಟ ಆದ್ವು ಅನ್ನೋದಕ್ಕ ನಾನಂತೂ ಮಾರ್ಕ್ಸ್ ಕೊಡಂಗಿಲ್ಲ. ಪೇಪರ್ ಮೊದಲೂ ಇದ್ದವು.

ಮತ್ತ ನಿಮ್ಮ ಕೊಪ್ಪಳ ಜಿಲ್ಲಾನೇ ಇದರಾಗ ಹೆಸರಾದದ್ದು, ಗೊತ್ತೇನು? ಇಥಿಯೋಪಿಯಾ ಮತ್ತ ಭಾರತದಾಗ ವಿಶ್ವ ಆರೋಗ್ಯ ಸಂಸ್ಥೆ ಕಾಂಗರೂ ಆರೈಕೆನ ದೊಡ್ಡ ಮಟ್ಟದಾಗ ಹೆಂಗ ಜಾರಿ ಮಾಡ್ಬೇಕು ಅಂತ ಅನುಷ್ಠಾನ ಸಂಶೋಧನೆ ಮಾಡ್ತಲ್ಲ, ಭಾರತದ ಮೂರು ಜಾಗದಾಗ ಕೊಪ್ಪಳನೂ ಒಂದು. ಮೊದಲು ಅದನ್ನ ಹುಡುಕಿ ಓದು. ಅವರು ಎದರ ಮ್ಯಾಲ ಶೇಕಡಾ ತಗದಾರ ಅನ್ನೋದನ್ನ ಬೆರಳಿಟ್ಟು ನೋಡು.

ಸೋನಾಮಸೂರಿ (ಗಂಗಾವತಿ)

ಎಲ್ಲಾ ಓದಿದೆ. ನನ್ ಮಾತು ಕಹಿ ಅನ್ನಿಸ್ಬೋದು. ಯೋಜನೆಗೊಂದು ರೊಕ್ಕ, ಯೋಜನೆ ಹೆಂಗಾತು ಅಂತ ನೋಡಾಕೊಂದು ರೊಕ್ಕ, ಆ ವರದಿ ಬಿಡುಗಡೆ ಮಾಡಾಕ ಒಂದು ಹೋಟೆಲ್ ಊಟ. ಆ ರೊಕ್ಕಕ್ಕ ಎರಡು ನರ್ಸ್ ಪೋಸ್ಟ್ ಹಾಕಿದ್ರ ಕೂಸುಗಳು ಉಳೀತಿದ್ವು. ನಮ್ ಭಾಗಕ್ಕ ವಿಶೇಷ ಸ್ಥಾನ ಕೊಡೋ 371ಜೆ ಬಂತು, ಅಭಿವೃದ್ಧಿ ಮಂಡಳಿ ಬಂತು, ಹೆಸರು ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆತು, ಇವತ್ತಿಗೂ ಸೀರಿಯಸ್ ಅಂದ್ರ ಹುಬ್ಬಳ್ಳಿಗೆ ಒಯ್ರಿ ಅಂತಾರ.

ಕೋಟೆ ಕೆಳಗಿನ ಮೇಷ್ಟ್ರು (ಬಳ್ಳಾರಿ)

ಸೋನಾಮಸೂರಿ ಅವ್ರೇ, ನರ್ಸ್ ಬೇಕು ಅನ್ನೋದ್ರಲ್ಲಿ ತಕರಾರಿಲ್ಲ, ಆದ್ರೆ ಎಲ್ಲಿ ಎಷ್ಟು ನರ್ಸ್ ಕಡಿಮೆ ಇದಾರೆ, ಹಾಕಿದ್ರೆ ಏನಾಗ್ತೈತೆ ಅಂತ ತೋರ್ಸೋದೂ ಇಂಥ ವರದಿನೇ. ಪ್ರಾದೇಶಿಕ ಅಸಮಾನತೆ ನೋಡೋಕೆ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ತಾಲೂಕು ತಾಲೂಕು ಲೆಕ್ಕ ಹಾಕಿ 39 ತಾಲೂಕು ಅತ್ಯಂತ ಹಿಂದುಳಿದವು ಅಂತ ಪಟ್ಟಿ ಕೊಟ್ಟಿದ್ದಕ್ಕೇ ತಾನೇ ನಮ್ ಭಾಗದವ್ರ ಮಾತಿಗೆ ತೂಕ ಬಂದಿದ್ದು.

ಈಗ ಗವಿಮಠದವ್ರ ಪ್ರಶ್ನೆಗೆ ಬರ್ತೀನಿ, ನಾನು ಸ್ಟ್ಯಾಟಿಸ್ಟಿಕ್ಸ್ ಪಾಠ ಹೇಳೋನು, ಸ್ವಲ್ಪ ಉದ್ದ ಆಗ್ತೈತೆ ಸಹಿಸ್ಕೊಳ್ರಿ.

ಎನ್‌ಎಫ್‌ಎಚ್‌ಎಸ್ ನಂಬರ್ ಹಾಕಬೇಡ್ರಿ. ಜಿಲ್ಲಾ ಫ್ಯಾಕ್ಟ್ ಶೀಟ್ ತೆಗೆದು ನೋಡ್ರಿ, ಶಿಶು ಮರಣ ಪ್ರಮಾಣನೇ ಅದ್ರಲ್ಲಿ ಇರಲ್ಲ, ರಾಜ್ಯಕ್ಕೆ ಮಾತ್ರ ಕೊಡ್ತಾರೆ, ಯಾಕಂದ್ರೆ ಒಂದು ಜಿಲ್ಲೆಲಿ ಅವ್ರು ಹೋಗೋ ಮನೆಗಳು ಮರಣ ಪ್ರಮಾಣ ಹೇಳೋವಷ್ಟು ಇರಲ್ಲ. ಜನನ ಮರಣದ ಇನ್ನೊಂದು ಸರ್ಕಾರಿ ಸರ್ವೇ ಎಸ್‌ಆರ್‌ಎಸ್ ಕೂಡ ಅಷ್ಟೇ. ಇನ್ನ ರಾಜ್ಯದ ನಂಬರ್ ತಗೊಂಡು ಕೊಪ್ಪಳದ ಎರಡು ತಾಲೂಕಿನ ಯೋಜನೆಗೆ ಹಚ್ಚಿದ್ರೆ ಯಾರೂ ಒಪ್ಪಲ್ಲ. ಅದೂ ಅಲ್ದೆ ದೊಡ್ಡ ನಂಬರ್ ಏರೋದು ಇಳಿಯೋದಕ್ಕೆ ನೂರು ಕಾರಣ. ರಕ್ತಹೀನತೆನೇ ನೋಡ್ರಿ, ಅನೀಮಿಯಾ ಮುಕ್ತ ಭಾರತ ಶುರುವಾಗಿದ್ದು 2018ರಲ್ಲಿ, ದೇಶದ ಹೆಣ್ಮಕ್ಕಳಲ್ಲಿ ರಕ್ತಹೀನತೆ 2015-16ರ ಸರ್ವೇಲಿ ಶೇ. 53 ಇದ್ದದ್ದು 2019-21ರಲ್ಲಿ ಶೇ. 57 ಆಯ್ತು. ಅಂದ್ರೆ ಮಾತ್ರೆ ಕೊಟ್ಟಿದ್ದಕ್ಕೇ ಜಾಸ್ತಿ ಆಯ್ತು ಅಂತೀರಾ? ಬೆರಳಿಂದ ತೆಗೆದ ರಕ್ತದಲ್ಲಿ ಅಳೆಯೋದೇ ಸರಿನಾ ಅಂತ ಆಮೇಲೆ ದೊಡ್ಡ ಚರ್ಚೆ ಆಗಿ ಮುಂದಿನ ಸುತ್ತಿಂದ ಆ ಪರೀಕ್ಷೆನೇ ಕೈಬಿಟ್ರು.

ನೀವು ನೋಡ್ಬೇಕಾಗಿರೋದು ಛೇದ. ಭಾಗಾಕಾರದ ಕೆಳಗಿನ ಅಂಕಿ. ಸುಮ್ನೆ ಲೆಕ್ಕಕ್ಕೆ ಅಂತ ಒಂದು ಕಾಲ್ಪನಿಕ ತಾಲೂಕು ತಗೊಳ್ರಿ. ಒಂದು ವರ್ಷದಲ್ಲಿ ಎರಡು ಕೆಜಿಗಿಂತ ಕಡಿಮೆ ತೂಕದ್ದು 200 ಕೂಸು ಹುಟ್ಟಿದ್ವು ಅನ್ಕೊಳ್ರಿ. ಅದ್ರಲ್ಲಿ 120 ಸರ್ಕಾರಿ ನವಜಾತ ಶಿಶು ಘಟಕಕ್ಕೆ ಬಂದ್ವು. 100ಕ್ಕೆ ಕಾಂಗರೂ ಆರೈಕೆ ಶುರು ಮಾಡಿದ್ರು. ಡಿಸ್ಚಾರ್ಜ್ ಹಿಂದಿನ ದಿನ ನಿಜವಾಗ್ಲೂ 8 ತಾಸು ಆಗ್ತಿದ್ದದ್ದು 60ಕ್ಕೆ. ಮನೆಗೆ ಹೋಗಿ ಒಂದು ವಾರಕ್ಕೆ ಇನ್ನೂ ಮಾಡ್ತಿರೋರು 30. ಯೋಜನೆಯವ್ರ ವರದಿಲಿ ಏನ್ ಬರ್ತೈತೆ? 120ಕ್ಕೆ 100, ಶೇ. 83, ಭರ್ಜರಿ ಯಶಸ್ಸು. ಕೂಸಿನ ಕಡೆಯಿಂದ ನೋಡಿದ್ರೆ 200ಕ್ಕೆ 30, ಶೇ. 15. ಎರಡೂ ಸುಳ್ಳಲ್ಲ! ಆದ್ರೆ ಸರ್ಕಾರ ರೊಕ್ಕ ಕೊಟ್ಟಿದ್ದು ಎರಡನೇದಕ್ಕೆ. ಡಾಕ್ಟ್ರು ಹೇಳಿದ್ರಲ್ಲ ಕೊಪ್ಪಳದ ಅಧ್ಯಯನ, ಅದು ಆ ಪ್ರದೇಶದಲ್ಲಿ ಹುಟ್ಟಿದ ಅಷ್ಟೂ ಸಣ್ಣ ಕೂಸುಗಳ ಮೇಲೆ ಲೆಕ್ಕ ಹಾಕಿದ್ದು, ಅದಕ್ಕೇ ಅದಕ್ಕೆ ಬೆಲೆ.

ಈ 200 ಎಲ್ಲಿಂದ ತರ್ತೀರಿ ಅನ್ನೋದೇ ನಿಮ್ ನಿಜವಾದ ಕೆಲ್ಸ. ಆಸ್ಪತ್ರೆಗಳು ಅಂಕಿ ತುಂಬೋ ಸರ್ಕಾರಿ ಪೋರ್ಟಲ್ ಎಚ್‌ಎಂಐಎಸ್‌ನಲ್ಲಿ ಎರಡೂವರೆ ಕೆಜಿಗಿಂತ ಕಡಿಮೆ ಎಷ್ಟು ಅಂತ ಸಿಗ್ತೈತೆ, ಎರಡು ಕೆಜಿ ಗೆರೆ ಬೇಕಂದ್ರೆ ಹೆರಿಗೆ ಕೋಣೆ ರಿಜಿಸ್ಟರ್‌ಗೇ ಹೋಗ್ಬೇಕು. ಹೋದಾಗ ತೂಕದ ಕಾಲಂ ಮೇಲಿಂದ ಕೆಳಗೆ ಒಂದ್ಸಲ ಕಣ್ಣಾಡಿಸ್ರಿ. ಸರಿಯಾಗಿ 2.5 ಅಂತ ಬರ್ದಿರೋದು ರಾಶಿ ಇದ್ದು 2.4 ಒಂದೂ ಇಲ್ಲ ಅಂದ್ರೆ ಅಲ್ಲಿ ತೂಕ ಮಾಡಿಲ್ಲ, ಅಂದಾಜು ಬರ್ದಿದಾರೆ ಅಂತ್ಲೇ ಅರ್ಥ. ಪ್ರೈವೇಟ್ ನರ್ಸಿಂಗ್ ಹೋಂಗಳನ್ನ ಬಿಡಬೇಡ್ರಿ. ಆಮೇಲೆ ನಮ್ ಕಡೆ ಇನ್ನೊಂದು ಫಜೀತಿ, ಚೊಚ್ಚಲ ಹೆರಿಗೆ ತವರಲ್ಲಿ, ಆದ್ರೆ ತಾಯಿ ಕಾರ್ಡ್ ಮಾಡ್ಸಿದ್ದು ಗಂಡನ ಊರಲ್ಲಿ. ಕೊಪ್ಪಳದ ಸೊಸೆ ಮಾನ್ವಿಲಿ ಹೆರ್ತಾಳೆ, ಕೂಸು ರಾಯಚೂರಲ್ಲಿ ಅಡ್ಮಿಟ್ ಆಗ್ತೈತೆ, ಮೂರೂ ಕಡೆ ಅವ್ಳು ಅರ್ಧಂಬರ್ಧ ಇರ್ತಾಳೆ. ಬಾಣಂತನ ಮುಗಿಯೋದ್ರೊಳಗೆ ಮನೆಯವ್ರು ಗುಳೆ ಹೋಗಿದ್ರೆ ಮುಗೀತು. ಹಿಂಗೆ ತಪ್ಪಿಹೋದೋರನ್ನ "ಮಾಹಿತಿ ಲಭ್ಯವಿಲ್ಲ" ಅಂತ ಛೇದದಿಂದ ತೆಗೆದು ಹಾಕೋದು ಎಲ್ರೂ ಮಾಡೋ ಕೆಲ್ಸ. ಮಾಡಬೇಡ್ರಿ. ಬಿಪಿ ಯೋಜನೆ ಐತಲ್ಲ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ 2017ರಲ್ಲಿ ಶುರು ಮಾಡಿದ ಇಂಡಿಯಾ ಹೈಪರ್‌ಟೆನ್ಷನ್ ಕಂಟ್ರೋಲ್ ಇನಿಷಿಯೇಟಿವ್, ಅದ್ರಲ್ಲಿ ಬಿಪಿ ಹತೋಟಿಗೆ ಬಂದೋರು, ಬರದೇ ಇರೋರು, ಭೇಟಿಗೇ ಬರದೇ ಇರೋರು ಅಂತ ಮೂರು ಗುಂಪು, ಬರದೇ ಇದ್ದೋರೂ ಛೇದದಲ್ಲೇ ಇರ್ತಾರೆ. ಹಂಗೆ ಮಾಡ್ರಿ.

ನೈಟ್ ಡ್ಯೂಟಿ ಅಕ್ಕ

ನಾ ಇಂಥದ್ದೇ ಘಟಕದಾಗ ಸ್ಟಾಫ್ ನರ್ಸ್. ಊರು ಆಸ್ಪತ್ರಿ ಕೇಳಬ್ಯಾಡ್ರಿ. ಮೇಷ್ಟ್ರು ಲೆಕ್ಕ ಛಲೋ ಹೇಳ್ಯಾರ, ಆದ್ರ ಆ "60" ಅನ್ನೋದನ್ನ ನೀವು ಯಾವ ಕಾಗದದಾಗ ನೋಡ್ತೀರಿ? ನಮ್ ರಿಜಿಸ್ಟರ್ ನಾಗ ತಾಸು ಬರೀಯೋ ಕಾಲಂ ಇರ್ತೈತಿ. ಸೋಮವಾರದಿಂದ ಭಾನುವಾರದ ತನಕ ಎಲ್ಲಾ ತಾಯಂದಿರಿಗೂ 8, 8, 8, ಒಂದೇ ಪೆನ್ನು, ಒಂದೇ ಕೈಬರಹ. ಅದನ್ನ ತುಂಬೋದು ತಿಂಗಳ ಕಡೀಕ. ಸುಳ್ಳು ಬರೀಬೇಕು ಅಂತ ಯಾರಿಗೂ ಆಸಿ ಇಲ್ರಿ, ರಾತ್ರಿ ಪಾಳಿಯಾಗ ವೆಂಟಿಲೇಟರ್ ಕೂಸು ನೋಡ್ಬೇಕೋ, ಯಾವ ತಾಯಿ ಎಷ್ಟೊತ್ತಿಗೆ ಎದ್ದು ಬಾತ್‌ರೂಮಿಗೆ ಹೋದ್ಳು ಅಂತ ಬರೀಬೇಕೋ.

ಹಂಗಾಗಿ ರಿಜಿಸ್ಟರ್ ನೋಡ್ರಿ, ಆದ್ರ ತಾಯಿನ್ನ ಕೇಳ್ರಿ. "ಎಷ್ಟು ತಾಸು ಇಟ್ಕೊಂಡಿದ್ರಿ" ಅಂತ ಕೇಳಿದ್ರ ನಿಮಗೂ 8 ಅಂತಾಳ, ಸಿಸ್ಟರ್ ಕಲಿಸಿರ್ತಾರ. ನಿನ್ನೆ ಮುಂಜಾನಿ ಚಾ ಕುಡಿಯೋ ಮುಂದ ಕೂಸು ಎಲ್ಲಿತ್ತವ್ವಾ, ಊಟದಾಗ ಎಲ್ಲಿತ್ತು, ಮಂದಿ ಮಾತಾಡ್ಸಾಕ ಬಂದಾಗ ಎಲ್ಲಿತ್ತು, ರಾತ್ರಿ ಮಲಗೋ ಮುಂದ ಯಾರ ಹತ್ರ ಇತ್ತು ಅಂತ ಒಂದೊಂದ ಕೇಳ್ರಿ. ಆಗ ತಾಸು ತಾನ ಬರ್ತೈತಿ.

ಇನ್ನ ವಾರ್ಡಿಗೆ ಹೋದಾಗ ಏನ್ ನೋಡ್ಬೇಕು ಹೇಳ್ತೀನಿ. ಪರದೆ ಐತೇನು? ಎದಿ ಬಿಚ್ಚಿ ಕುಂದ್ರಬೇಕಾಗಿರ್ತೈತಿ, ಪಕ್ಕದ ಮಂಚದವ್ರ ಗಂಡಸ್ರು ಓಡಾಡಾಕತ್ತಿದ್ರ ಯಾ ಹೆಣ್ಮಗಳು ಕುಂದಿರ್ತಾಳ? ಏಪ್ರಿಲ್ ಮೇ ತಿಂಗಳದಾಗ ಬರ್ರಿ, ನಮ್ ಕಡಿ ಬಿಸಿಲಿಗೆ ಫ್ಯಾನ್ ಗಾಳಿನೂ ಬೆಂಕಿ ಆಗಿರ್ತೈತಿ, ಆ ಸೆಖಿಯೊಳಗ ಕೂಸನ್ನ ಮೈಗೆ ಕಟ್ಕೊಂಡು ಬೆವರ್ಕೋತ ಕುಂತಿರ್ತಾರ, ಕೂಲರ್ ಗೆ ಅನುದಾನದಾಗ ಖರ್ಚಿನ ಹೆಡ್ ಇಲ್ಲ ಅಂತ ಹೇಳಿದ್ರು, ಪೋಸ್ಟರ್ ಗೆ ಇತ್ತು. ಒರಗೋ ಕುರ್ಚಿ ಬಂದ್ವು ಖರೆ, ಅದ್ರಾಗ ಎರಡು ಡಾಕ್ಟರ್ ರೂಮಿಗೆ ಹೋದ್ವು. ಸಿಝೇರಿಯನ್ ಆದಾಕಿ ಆ ಕುರ್ಚಿಯಾಗ ಕುಂದ್ರಾಕ ಆಗಂಗಿಲ್ಲ, ಮಂಚ ಬೇಕು.

ಎಲ್ಲಕ್ಕಿಂತ ದೊಡ್ಡದು ಊಟ. ಸರ್ಕಾರದ ಜನನಿ ಶಿಶು ಸುರಕ್ಷಾ ಯೋಜನೆಯಾಗ ಬಾಣಂತಿಗೆ ಪುಕ್ಕಟ ಊಟ ನಾರ್ಮಲ್ ಆದ್ರ 3 ದಿನ, ಸಿಝೇರಿಯನ್ ಆದ್ರ 7 ದಿನ. 1.3 ಕೆಜಿ ಕೂಸು ಇಪ್ಪತ್ತು ದಿನ ಘಟಕದಾಗ ಇರ್ತೈತಿ. ತಾಯಿ ಡಿಸ್ಚಾರ್ಜ್ ಆಗಿಬಿಡ್ತಾಳ ಕಾಗದದ ಮ್ಯಾಲ, ಆಕಿಗೆ ಮಂಚ ಇಲ್ಲ, ಊಟ ಇಲ್ಲ, ವರಾಂಡದಾಗ ಚಾಪಿ ಹಾಸ್ಕೊಂಡು ಮಲಗ್ತಾಳ. ಮನ್ಯಾಗ ಇನ್ನೊಂದು ಕೂಸು, ಗಂಡ ದುಡಿಯಾಕ ಹೋಗ್ಬೇಕು, ಅತ್ತಿ ನಾಕ್ ದಿನ ರೊಟ್ಟಿ ಕಟ್ಕೊಂಡು ಬರ್ತಾಳ, ಐದನೇ ದಿನಕ್ಕ ಸಹಿ ಮಾಡಿ ಕರ್ಕೊಂಡು ಹೋಗ್ತಾರ. ಅದು ನಮ್ ರಿಜಿಸ್ಟರ್ ನಾಗ "ವೈದ್ಯರ ಸಲಹೆ ವಿರುದ್ಧ ಬಿಡುಗಡೆ" ಅಂತ ಒಂದು ಸಾಲು. ತರಬೇತಿ ಇನ್ನೊಂದು ನೂರು ಕೊಟ್ರೂ ಆ ಸಾಲು ಕಡಿಮಿ ಆಗಂಗಿಲ್ಲ. ನಿಮ್ ವರದಿಯಾಗ ಆ ಸಾಲು ಎಷ್ಟು ಸಲ ಅದಾವ ಅಂತ ಎಣಿಸಿ ಹಾಕ್ರಿ, ಪುಣ್ಯ ಬರ್ತೈತಿ.

ಹಾಂ, ಇನ್ನೊಂದು. ತರಬೇತಿ ತಗೊಂಡ ನರ್ಸ್‌ಗಳ ಪಟ್ಟಿ ಇಸ್ಕೊಂಡು ಇವತ್ತು ಅವ್ರೊಳಗ ಎಷ್ಟು ಮಂದಿ ಅದೇ ಘಟಕದಾಗ ಅದಾರ ನೋಡ್ರಿ. ನಮ್ಮೊಳಗ ಬಾಳ ಮಂದಿ ಗುತ್ತಿಗಿ ಮ್ಯಾಲ ಇರೋರು, ಬ್ಯಾರೆ ಕಡಿ ಪರ್ಮನೆಂಟ್ ಸಿಕ್ಕಿತಂದ್ರ ಹೊಂಟೇಬಿಡ್ತಾರ. ಕಲಿತಾಕಿ ಆಪರೇಷನ್ ಥಿಯೇಟರ್ ನಾಗ, ಕಲೀದಾಕಿ ಕೂಸಿನ ಹತ್ರ.

ಸೋನಾಮಸೂರಿ (ಗಂಗಾವತಿ)

ಅಕ್ಕಾರ, ಊಟದ ಮಾತು ಹೇಳಿದ್ರಿ ನೋಡ್ರಿ, ಇಂಥಾದ್ದು ವರದಿಯಾಗ ಬರ್ತೈತಂದ್ರ ನನ್ ತಕರಾರು ವಾಪಸ್. ಬರ್ತೈತಿ ಅನ್ನೋ ನಂಬಿಗಿ ಇಲ್ಲ ಅಷ್ಟ.

ಗವಿಮಠದ ದಾರಿ (ಕೊಪ್ಪಳ)

ಎಲ್ಲಾರಿಗೂ ದೊಡ್ಡ ಧನ್ಯವಾದ್ರಿ, ಅಕ್ಕಾರ ಮಾತನ್ನ ಪ್ರಿಂಟ್ ತಗದು ಇಟ್ಕೊಂಡೀನಿ. ಎರಡು ಅನುಮಾನ ಉಳದಾವ. ಒಂದು, ಯೋಜನೆ ಇಲ್ಲದಿದ್ರೂ ಇಷ್ಟು ಸುಧಾರಣಿ ಆಗ್ತಿತ್ತು ಅಂತ ಯಾರಾದ್ರೂ ಅಂದ್ರ ಏನ್ ಹೇಳೋದು? ಅದೇ ಟೈಮಿನಾಗ ಬ್ಯಾರೆ ಯೋಜನೆಗಳೂ ನಡದಿದ್ವು. ಎರಡು, ರೊಕ್ಕದ ಭಾಗ ನಂಗ ಅರ್ಥ ಆಗಂಗಿಲ್ಲ. ಬಳಕೆ ಪ್ರಮಾಣಪತ್ರ ಎಲ್ಲಾ ಸರಿ ಅದಾವ, ಶೇ. 98 ಖರ್ಚಾಗೈತಿ. ಇದು ಒಳ್ಳೇದಲ್ಲೇನು?

ಮಾರ್ಚ್ ಎಂಡ್ (ರಾಯಚೂರು)

ಎರಡನೇದು ನನ್ನ ಪಾಲಿಗೆ ಬಿಡ್ರಿ, ಲೆಕ್ಕಪತ್ರ ವಿಭಾಗದಾಗೇ ಕೂದಲು ಬೆಳ್ಳಗಾಗ್ಯಾವ. ಶೇ. 98 ಖರ್ಚು ಅಂದ್ರ ರೊಕ್ಕ ಖಾತೆಯಿಂದ ಹೊರಗ ಹೋಗ್ಯದ, ಅಷ್ಟೇ. ಬಳಕೆ ಪ್ರಮಾಣಪತ್ರ ಹೇಳೋದೂ ಅಷ್ಟೇ. ನೀವು ಒಂದು ಕೆಲಸ ಮಾಡ್ರಿ, ಖರ್ಚನ್ನ ತ್ರೈಮಾಸಿಕವಾರು ಕೇಳ್ರಿ. ಮೂರು ತ್ರೈಮಾಸಿಕ ಖಾಲಿ ಇದ್ದು ಜನವರಿಯಿಂದ ಮಾರ್ಚ್ ತನಕ ರೊಕ್ಕ ಹೊಳಿ ಹರದಂಗ ಹರದಿದ್ರ ಅದು ಅನುಷ್ಠಾನ ಅಲ್ಲ, ಖರೀದಿ. ಯಾವುದು ಮೊದಲು ಬಂತು ಅಂತನೂ ನೋಡ್ರಿ, ಕುರ್ಚಿ ಬಿಲ್ಲಿನ ತಾರೀಖು ಮತ್ತ ತರಬೇತಿ ತಾರೀಖು. ಅನುದಾನ ಮಂಜೂರಾತಿ ಪತ್ರದ ತಾರೀಖಿಗೂ ರೊಕ್ಕ ಆಸ್ಪತ್ರಿ ಖಾತೆಗೆ ಬಿದ್ದ ತಾರೀಖಿಗೂ ನಡುವ ಎಷ್ಟು ತಿಂಗಳು ಹೋದ್ವು ಅದನ್ನೂ ಬರೀರಿ, ಪಾಪ ಎಷ್ಟೋ ಸಲ ಅಲ್ಲಿ ಇರೋರ ತಪ್ಪೇ ಇರಂಗಿಲ್ಲ, ಮೂರು ವರ್ಷದ ಯೋಜನೆಗೆ ಕೆಲಸ ಮಾಡ್ಲಿಕ್ಕೆ ಸಿಕ್ಕಿದ್ದು ಒಂದೂವರೆ ವರ್ಷ ಆಗಿರ್ತದ.

ನನ್ನ ಕೇಳಿದ್ರ ಎಲ್ಲಕ್ಕಿಂತ ಮುಖ್ಯ ಪ್ರಶ್ನಿ ಇದು: ಅನುದಾನ ನಿಂತ ಮರುವರ್ಷ ಆ ಖರ್ಚು ಯಾರ ತಲಿ ಮ್ಯಾಲ ಬಂತು? ರಾಷ್ಟ್ರೀಯ ಆರೋಗ್ಯ ಅಭಿಯಾನದಾಗ (ಎನ್‌ಎಚ್‌ಎಂ) ಪ್ರತಿ ಸಲ ರಾಜ್ಯ ತನ್ನ ಕೆಲಸ-ಖರ್ಚಿನ ಯೋಜನೆ (ಪಿಐಪಿ) ಕಳಸ್ತದ, ಕೇಂದ್ರ ಅದಕ್ಕ ಒಪ್ಪಿಗಿ ಕೊಟ್ಟು ಆರ್‌ಓಪಿ ಅಂತ ಮಂಜೂರಾತಿ ದಾಖಲೆ ಹೊರಡಸ್ತದ, ಎಲ್ಲಾ ವೆಬ್‌ಸೈಟ್ ನಾಗ ಸಿಗ್ತದ. ಅದರಾಗ ಕಾಂಗರೂ ಬಟ್ಟಿಗೋ, ತಾಯಂದಿರಿಗೆ ತಿಳಿಹೇಳೋ ಆಪ್ತ ಸಮಾಲೋಚಕಿ ಹುದ್ದೆಗೋ ಒಂದು ಸಾಲು ಬಂದದೇನು? ಬಂದಿದ್ರ ಯೋಜನೆ ಬೇರು ಬಿಟ್ಟದ. ಇಲ್ಲಾ ಅಂದ್ರ ಆಸ್ಪತ್ರಿಯ ಆರೋಗ್ಯ ರಕ್ಷಾ ಸಮಿತಿ ತನ್ನ ರೊಕ್ಕದಾಗ ಖರೀದಿ ಮಾಡ್ಯದೇನು? ಅದೂ ಇಲ್ಲಾ ಅಂದ್ರ ಯೋಜನೆಯವರು ಜೀಪ್ ಹತ್ತಿ ಹೋದ ದಿವಸಕ್ಕೇ ಮುಗದದ ಅಂತ ಬರೀಲಿಕ್ಕೆ ಅಂಜಬ್ಯಾಡ್ರಿ. ಅದಕ್ಕ ನೀವು ಅನುದಾನ ಮುಗದು ಕಡಿಮಿ ಅಂದ್ರ ಆರು ತಿಂಗಳು ಆದ ಮ್ಯಾಲ ಒಂದು ಸುತ್ತು ನೋಡ್ಬೇಕು. ಒಪ್ಪಂದದಾಗ ಇಲ್ಲ ಅಂದ್ರ ಈಗಲೇ ಕೇಳ್ರಿ.

ಒಂದು ಕೂಸಿಗೆ ಎಷ್ಟು ಖರ್ಚಾತು ಅಂತ ತಗೀತೀರೇನು? ತಗದ್ರ ಒಟ್ಟು ಖರ್ಚನ್ನ ತರಬೇತಿ ಸಂಖ್ಯೆಯಿಂದ ಭಾಗಿಸಬ್ಯಾಡ್ರಿ, ಮೇಷ್ಟ್ರು ಹೇಳಿದ ಕಡೀ ಅಂಕಿ, ಅಂದ್ರ ಮನಿಗೆ ಹೋದ ಮ್ಯಾಲೂ ಆರೈಕೆ ಸಿಗ್ತಿರೋ ಕೂಸುಗಳು, ಯೋಜನೆಯಿಂದ ಎಷ್ಟು ಹೆಚ್ಚಾದ್ವು ನೋಡಿ ಅದರಿಂದ ಭಾಗಿಸ್ರಿ. ಆರೋಗ್ಯ ಸಂಶೋಧನಾ ಇಲಾಖೆ ಒಳಗ 2017ರಿಂದ ಎಚ್‌ಟಿಎಐಎನ್ ಅಂತ ಒಂದು ವ್ಯವಸ್ಥಾ ಅದ, ಆರೋಗ್ಯ ತಂತ್ರಜ್ಞಾನಗಳ ಖರ್ಚು-ಪ್ರಯೋಜನ ಹೆಂಗ ತೂಗ್ತಾರ ಅಂತ ಅವರ ವರದಿ ನೋಡಿ ಕಲೀಬಹುದು.

ಕೋಟೆ ಕೆಳಗಿನ ಮೇಷ್ಟ್ರು (ಬಳ್ಳಾರಿ)

ಮೊದಲನೇ ಅನುಮಾನಕ್ಕೆ ನಾನು. ಯೋಜನೆ ಇಲ್ಲದಿದ್ರೂ ಆಗ್ತಿತ್ತು ಅನ್ನೋ ಮಾತಿಗೆ ಉತ್ತರ, ಯೋಜನೆ ಇಲ್ಲದ ಕಡೆ ಏನಾಯ್ತು ತೋರ್ಸೋದು. ಇದಕ್ಕೆ ದೂರ ಹೋಗಬೇಕಿಲ್ಲ. ನಮ್ ಬಳ್ಳಾರಿ ಮತ್ತೆ ಕಲಬುರಗಿ ಜಿಲ್ಲೆ ಪಿಎಚ್‌ಸಿಗಳಲ್ಲಿ ಸುಕ್ಷೇಮ ಪ್ರಾಜೆಕ್ಟ್‌ನೋರು ನರ್ಸ್ ಮೆಂಟರ್‌ಗಳ ಪ್ರಯೋಗ ಮಾಡಿದ್ರು, ಅನುಭವಿ ನರ್ಸ್ ಒಬ್ರು ಪಿಎಚ್‌ಸಿಗೇ ಹೋಗಿ ಹೆರಿಗೆ ಮಾಡ್ಸೋ ನರ್ಸ್‌ಗಳ ಪಕ್ಕ ನಿಂತು ಕಲಿಸೋದು. ಚೀಟಿ ಎತ್ತಿದಂಗೆ ಕೆಲವು ಪಿಎಚ್‌ಸಿಗೆ ಮೆಂಟರ್ ಕೊಟ್ರು, ಕೆಲವಕ್ಕೆ ಕೊಡ್ಲಿಲ್ಲ, ಎರಡನ್ನೂ ಹೋಲಿಸಿದ್ರು. ಆ ರೊಕ್ಕ ಗೇಟ್ಸ್ ಫೌಂಡೇಶನ್‌ದು, ಸರ್ಕಾರದ್ದಲ್ಲ, ಅದು ಬೇರೆ ಮಾತು, ವಿಧಾನ ಕಲೀಬೋದು.

ನಿಮ್ಮಲ್ಲಿ ಚೀಟಿ ಎತ್ತಿಲ್ಲ, ಈಗ ಎತ್ತೋಕೂ ಆಗಲ್ಲ. ಆದ್ರೆ ಎಲ್ಲಾ ಆಸ್ಪತ್ರೆಲೂ ಒಂದೇ ದಿನ ಶುರು ಆಗಿರಲ್ಲ ಅಲ್ವಾ? ಕುಷ್ಟಗಿಲಿ ಮೊದ್ಲು, ಯಲಬುರ್ಗಾದಲ್ಲಿ ಎಂಟು ತಿಂಗಳ ಮೇಲೆ, ಹಿಂಗೆ ಇದ್ರೆ ಆ ಎಂಟು ತಿಂಗಳು ಯಲಬುರ್ಗಾನೇ ನಿಮ್ ಹೋಲಿಕೆ. ತಿಂಗಳವಾರು ಗೆರೆ ಎಳೀರಿ, ಎಲ್ಲೆಲ್ಲಿ ಯಾವಾಗ ಶುರುವಾಯ್ತೋ ಅಲ್ಲಲ್ಲಿ ಗೆರೆ ತಿರುಗ್ತಾ ನೋಡ್ರಿ. ತಿರುಗಿದ್ರೆ ಮಾತಿಗೆ ಬಲ ಬರ್ತೈತೆ. ಎರಡೂ ಕಡೆ ಒಂದೇ ಸಮ ಏರ್ತಾ ಹೋಗಿದ್ರೆ ಯೋಜನೆದು ಅಂತ ಹೇಳೋಕಾಗಲ್ಲ, ಹಂಗಂತ ಬರೀರಿ.

ರಾಯಚೂರು ಜಿಲ್ಲೆನ ಹೋಲಿಕೆಗೆ ತಗೊಂಡ್ರೆ ಹುಷಾರು. 2018ರಿಂದ ಅದು ಆಕಾಂಕ್ಷಿ ಜಿಲ್ಲೆ, ಅಂದ್ರೆ ಹಿಂದುಳಿದದ್ದು ಅಂತ ಕೇಂದ್ರ ವಿಶೇಷ ಗಮನ ಕೊಡೋ ಜಿಲ್ಲೆ, ಯಾದಗಿರಿ ಜೊತೆಗೆ. ನೀತಿ ಆಯೋಗ ಅಲ್ಲಿ ಆರೋಗ್ಯ ಮತ್ತೆ ಪೌಷ್ಟಿಕತೆಗೆ 30 ಪರ್ಸೆಂಟ್ ತೂಕ ಕೊಟ್ಟು ಎಷ್ಟು ಸುಧಾರಿಸ್ತು ಅಂತ ರ‍್ಯಾಂಕ್ ಕೊಡ್ತೈತೆ. ಅದ್ರಿಂದ ಕೆಲ್ಸನೂ ಚುರುಕಾಗಿರ್ತೈತೆ, ಬರವಣಿಗೆನೂ ಚುರುಕಾಗಿರ್ತೈತೆ, ಎರಡನ್ನೂ ಬೇರೆ ಮಾಡೋದು ಕಷ್ಟ.

ಸಿರುಗುಪ್ಪದವ, ಈಗ ಇಂಗ್ಲೆಂಡಿನಾಗ

ಲೇಟಾಗಿ ಬಂದೆ. ಇಲ್ಲಿ ನಾನು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆ ಒಂದರ ಡೇಟಾ ವಿಭಾಗದಲ್ಲಿ ಇದೀನಿ. ಇದೇ ಜಗಳ ಇಲ್ಲೂ ಐತೆ ಅಂತ ಹೇಳೋಕೆ ಬರೀತಿದೀನಿ. ಎನ್‌ಐಎಚ್‌ಆರ್ ಅಂತ ಸರ್ಕಾರಿ ಸಂಶೋಧನಾ ನಿಧಿ, ಅದು 2008ರಲ್ಲಿ ಯೂನಿವರ್ಸಿಟಿನೂ ಸುತ್ತಮುತ್ತಲಿನ ಆಸ್ಪತ್ರೆಗಳನ್ನೂ ಸೇರ್ಸಿ 9 ಕೂಟ ಮಾಡ್ತು, ಸಿಎಲ್‌ಎಎಚ್‌ಆರ್‌ಸಿ ಅಂತಿದ್ರು, 2014ರಲ್ಲಿ 13 ಆದ್ವು, 2019ರಲ್ಲಿ ಹೆಸರು ಬದಲಾಯ್ಸಿ ಎಆರ್‌ಸಿ ಅಂತ 15 ಮಾಡಿದ್ರು. ನಂಗೆ ಹಿಡ್ಸಿದ್ದು ಎರಡು. ಒಂದು, ಮೊದಲಿನ ಕೂಟಗಳಲ್ಲಿ ನಿಧಿ ಕೊಡೋಷ್ಟೇ ಪಾಲು ಸ್ಥಳೀಯ ಆಸ್ಪತ್ರೆಗಳು ತಮ್ ಕಡೆಯಿಂದ ಹಾಕ್ಲೇಬೇಕಿತ್ತು, ರೊಕ್ಕ ಆಗ್ಲಿ ಸಿಬ್ಬಂದಿ ಟೈಮ್ ಆಗ್ಲಿ. ಕೈಯಿಂದ ಹಾಕಿದೋನು ಅರ್ಧಕ್ಕೆ ಬಿಡಲ್ಲ. ಇನ್ನೊಂದು, ಮೌಲ್ಯಮಾಪನದೋರು ಹೊರಗಿನೋರು, ಆದ್ರೆ ಕೂಟಗಳು ನಡೀತಿರೋವಾಗ್ಲೇ ಜೊತೆಗಿದ್ರು. ಎಲ್ಲಾ ಮುಗಿದ ಮೇಲೆ ಬಂದು ಗೋರಿ ಅಗೆಯೋ ಕೆಲ್ಸ ಅಲ್ಲ. ನಿಮ್ಮಲ್ಲಿ ಎರಡನೇದು ಕೈ ಮೀರಿ ಹೋಗೈತೆ, ಮೊದಲನೇದು ನೋಡ್ಬೋದು: ಆಸ್ಪತ್ರೆಯೋರು ತಮ್ದು ಏನ್ ಹಾಕಿದ್ರು?

ಪೇಪರ್ ಬಗ್ಗೆ ಡಾಕ್ಟ್ರು ಸ್ವಲ್ಪ ಖಡಕ್ ಆದ್ರು ಅನ್ಸುತ್ತೆ. ಬ್ರೂನೆಲ್ ಯೂನಿವರ್ಸಿಟಿಯೋರು 90ರ ದಶಕದಲ್ಲಿ ಮಾಡಿದ ಪೇಬ್ಯಾಕ್ ಅನ್ನೋ ಚೌಕಟ್ಟು ಐತೆ, ಅದ್ರಲ್ಲಿ ಜ್ಞಾನಕ್ಕೊಂದು ಖಾನೆ, ಮುಂದಿನ ಸಂಶೋಧನೆ ಮಾಡೋ ಶಕ್ತಿಗೊಂದು, ನೀತಿಗೊಂದು, ಆರೋಗ್ಯಕ್ಕೊಂದು, ಆರ್ಥಿಕತೆಗೊಂದು. ಕೊಪ್ಪಳದಂಥ ಜಿಲ್ಲೆಲಿ ಡೇಟಾ ನೋಡೋಕೆ ಬರೋ ಹತ್ತು ಮಂದಿ ಸ್ಥಳೀಯ ಹುಡುಗ್ರು ತಯಾರಾಗಿದ್ರೆ ಅದೂ ಲಾಭನೇ ಅಲ್ವಾ?

ರಿಟೈರ್ಡ್ ಎಂಓ (ಸಿಂಧನೂರು)

ಹತ್ತು ಮಂದಿ ಹುಡುಗರು ಇಲ್ಲೇ ಉಳದಿದ್ರ ಲಾಭ. ಬೆಂಗಳೂರಿಗೆ ಹೋಗಿದ್ರ, ಇಲ್ಲಾ ನಿಮ್ಮಂಗ ಇಂಗ್ಲೆಂಡಿಗೆ, ಲಾಭ ಅಲ್ಲಿಯವರಿಗೆ. ಸಿಟ್ಟಾಗಬ್ಯಾಡ್ರಿ, ತಮಾಷಿ. ಆದ್ರ ಖಾನೆ ಜಾಸ್ತಿ ಆದಷ್ಟೂ ಕೂಸಿನ ಖಾನೆ ಖಾಲಿ ಇದ್ರೂ ಉಳದ ನಾಲ್ಕರಾಗ ಟಿಕ್ ಹಾಕಿ ಪಾಸಾಗಬಹುದು ಅನ್ನೋದು ನನ್ನ ಹೆದರಿಕಿ. ಸರ್ವಿಸ್ ದಾಗ ಅಂಥಾ ಪಾಸ್ ಬಾಳ ನೋಡೀನಿ.

ಗವಿಮಠದ ದಾರಿ (ಕೊಪ್ಪಳ)

ಇಷ್ಟು ಸಿಗ್ತೈತಿ ಅನ್ಕೊಂಡಿರ್ಲಿಲ್ರಿ. ಸರ್ ಜೋಡಿ ಮಾತಾಡಿದೆ, ಎನ್‌ಎಫ್‌ಎಚ್‌ಎಸ್ ಬಿಡಾಕ ಒಪ್ಪ್ಯಾರ, ಜಿಲ್ಲಾ ಫ್ಯಾಕ್ಟ್ ಶೀಟ್ ತೋರಿಸಿದ ಮ್ಯಾಲ ಸುಮ್ನಾದ್ರು. ಆರು ತಿಂಗಳ ನಂತರದ ಸುತ್ತಿಗೆ ಇಲಾಖೆ ಒಪ್ಪಂಗಿಲ್ಲ ಅನಸ್ತೈತಿ, ಕಾಗದ ಅಂತೂ ಹಾಕ್ತೀವಿ. ಮೊದ್ಲು ಒಂದು ತಾಲೂಕಿಂದು ಹೆರಿಗೆ ಕೋಣಿ ರಿಜಿಸ್ಟರ್ ಎಲ್ಲಾ ಕೂಡಿಸಿ ಆ 200 ಹುಡುಕ್ತೀನಿ, ಪ್ರೈವೇಟ್ ನವ್ರು ಕೊಡ್ತಾರೋ ಇಲ್ಲೋ ನೋಡ್ಬೇಕು. ಆಮ್ಯಾಲ ಅಕ್ಕಾರು ಹೇಳಿದಂಗ ತಾಯಂದಿರ ಮನಿಗೆ. ರಿಜಿಸ್ಟರ್ ಪುಟ ಮೊಬೈಲ್ ನಾಗ ಫೋಟೋ ತಗೊಂಡು ಬಂದು ರಾತ್ರಿ ಕುಂತು ಎಂಟ್ರಿ ಮಾಡಿದ್ರ ನಡೀತೈತಲ್ರಿ?

ನೈಟ್ ಡ್ಯೂಟಿ ಅಕ್ಕ

ಅಯ್ಯ ಬ್ಯಾಡಪಾ. ತಾಯಿ ಹೆಸ್ರು, ಫೋನ್ ನಂಬರ್, ಜಾತಿ ಕಾಲಂ ಎಲ್ಲಾ ಇರ್ತೈತಿ ಅದ್ರಾಗ, ಕೆಲವು ಪುಟದಾಗ ಎಚ್‌ಐವಿ ರಿಪೋರ್ಟೂ ಇರ್ತೈತಿ. ನಿನ್ ಮೊಬೈಲ್ ಯಾರ ಕೈಗೆ ಹೋಗ್ತೈತೋ. ಅಲ್ಲೇ ಕುಂತು ಬೇಕಾದ ಕಾಲಂ ಅಷ್ಟ ಬರ್ಕೊ.

ರಿಟೈರ್ಡ್ ಎಂಓ (ಸಿಂಧನೂರು)

ಸಿಸ್ಟರ್ ಹೇಳಿದ್ದು ನೂರಕ್ಕ ನೂರು ಖರೆ. ಮತ್ತ ಮನಿಗೆ ಹೋಗಿ ತಾಯಂದಿರನ್ನ ಮಾತಾಡ್ಸೋದಕ್ಕ ಎಥಿಕ್ಸ್ ಕಮಿಟಿ ಒಪ್ಪಿಗಿ ತಗೊಂಡೀರೇನು? ಮೌಲ್ಯಮಾಪನಕ್ಕ ಅದೆಲ್ಲಾ ಬೇಕಾಗಂಗಿಲ್ಲ ಅಂತ ಯಾರಾದ್ರೂ ಹೇಳ್ಯಾರು, ಕೇಳಬ್ಯಾಡ. ನೀ ಹೋಗೋ ಕೆಲವು ಮನ್ಯಾಗ ಕೂಸು ಉಳದಿರಂಗಿಲ್ಲ, ಅದು ನಿನಗ ಬಾಗಿಲಿಗೆ ಹೋಗೋ ತನಕ ಗೊತ್ತಿರಂಗಿಲ್ಲ. ಅದಕ್ಕ ಮೊದಲು ಆ ಊರಿನ ಆಶಾ ತಾಯಿ ಹತ್ರ ಕೇಳ್ಕೊಂಡು ಆಕಿನ ಜೋಡಿ ಕರ್ಕೊಂಡೇ ಹೋಗು, ಆದ್ರ ಪ್ರಶ್ನಿ ಕೇಳೋ ಮುಂದ ಆಕಿನ ಸ್ವಲ್ಪ ಹೊರಗ ಕುಂದ್ರಸು, ಆಶಾ ಎದುರಿಗೆ ಇದ್ರ ತಾಯಿ ಎಲ್ಲಾದಕ್ಕೂ ಹೂಂ ಅಂತಾಳ. ಒಪ್ಪಿಗಿ ಅರ್ಜಿ ಬರೀಲಿಕ್ಕೆ ಬೇಕಾದ್ರ ಮೆಸೇಜ್ ಹಾಕು, ನಮೂನಿ ಕಳಸ್ತೀನಿ.